ಗಲ್ಲಾಮೀಮಾಂಸೆ: ಪ್ರಥಮಾಧ್ಯಾಯ

ವ್ಯವಹಾರವೂ ಒಂದು ಸಾಧನೆ, ಲಾಭವೆಂಬುದು ಆತ್ಮವಿಕಾಸದ ಫಲ ಎಂದು ಬೆಂಗಳೂರಿನ ತಾರಾ ಹೋಟೆಲುಗಳಲ್ಲಿ ಜುಬ್ಬಾ ತೊಟ್ಟ ಗುರುಗಳು ಈಚೆಗೆ ಬೋಧಿಸುತ್ತಿದ್ದಾರೆ. ಶುಲ್ಕ ಮುಂಗಡ. ಈ ಪೂರ್ವಪಕ್ಷವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೋಟೆಲುಗಳಲ್ಲಿ ಬನ್ಸ್ ತಿನ್ನುತ್ತ ಪರೀಕ್ಷಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲ ತೊಡಕು ಗುರುವಿನದೇ. ಸಾಲಿಗ್ರಾಮದ ಸುತ್ತಲಿನ ಕೋಟ ಬ್ರಾಹ್ಮಣರಿಗೆ ದೇವರಾದ ಗುರುನರಸಿಂಹನೇ ಗುರು, ಮಠವಿಲ್ಲ, ಪೀಠವಿಲ್ಲ. ಹೋಟೆಲು ಇಡಲೆಂದು ಊರು ಬಿಟ್ಟವರಲ್ಲಿ ಇವರೂ ಬಹಳ ಮಂದಿ. ಮನುಷ್ಯಗುರುವನ್ನೇ ಒಪ್ಪದವರಿಗೆ ಜುಬ್ಬಾಗುರು ಏನು ಮಾರಿಯಾನು?

ಇನ್ನು ಪ್ರತ್ಯಕ್ಷಪ್ರಮಾಣ. ಬೆಳಿಗ್ಗೆ ಯಜಮಾನರು ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಗೋಡೆಯ ಪಟಗಳಿಗೆ ಸುಳಿಸುತ್ತಾರೆ: ಕೊಲ್ಲೂರು ಮೂಕಾಂಬಿಕೆ, ಆನೆಗುಡ್ಡೆ ಗಣಪತಿ, ಸಾಲಿಗ್ರಾಮದ ನರಸಿಂಹ. (ತಾಲ್ಲೂಕಿಗೊಬ್ಬರಂತೆ ಪ್ರಾತಿನಿಧ್ಯ, ರಾಜಕೀಯ ಪಕ್ಷಗಳು ಗಮನಿಸಬೇಕು.) ಕೊನೆಗೆ ಗಲ್ಲಾಕ್ಕೆ. ಅಲ್ಲಿ ಮಾತ್ರ ಎರಡು ಸುತ್ತು ಹೆಚ್ಚು. ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡು ಒಳಗೆ ಹಾಕುತ್ತಾರೆ. ತಲೆಯ ಮೇಲೆ ‘ಇಂದು ನಗದು, ನಾಳೆ ಕಡ’ ಎಂಬ ಬೋರ್ಡು. ಕಾಲತತ್ತ್ವದ ಮೇಲೆ ಇದಕ್ಕಿಂತ ಅಡಕವಾದ ಸೂತ್ರ ನಮ್ಮ ಗಮನಕ್ಕೆ ಬಂದಿಲ್ಲ.

ಉಡುಪಿ ಹತ್ತಿರವಿರುವುದರಿಂದ ಮಧ್ವಮತದ ಪಂಚಭೇದ ಇಲ್ಲಿ ಅಡುಗೆಗೂ ಅನ್ವಯಿಸುತ್ತದೆ. ಜಡಕ್ಕೂ ಜಡಕ್ಕೂ ಭೇದವುಂಟು: ಸಾರು ಬೇರೆ, ಸಾಂಬಾರು ಬೇರೆ. ಎರಡೂ ಒಂದೇ ರುಚಿ ಎನಿಸಿದರೆ ಯಜಮಾನರು ಅದ್ವೈತಕ್ಕೆ ಜಾರಿದ್ದಾರೆಂದೇ ತಿಳಿಯತಕ್ಕದ್ದು.

ಸೃಜನಶೀಲತೆಗೆ ದೃಷ್ಟಾಂತ, ಸಾಲಿಗ್ರಾಮದ ಮಗ್ಗುಲಿನ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ, ಮುಂದೆ ಎಂಟಿಆರ್ ಎನಿಸಿದ ಹೋಟೆಲು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಎಂಬುದು ಅವರ ವಾದ. ಜುಬ್ಬಾಗುರುಗಳು ಇದನ್ನು ಅಂತಃಸ್ಫೂರ್ತಿ ಎನ್ನುವರು. ಅಡುಗೆಭಟ್ಟರು ಅಕ್ಕಿ ಇರಲಿಲ್ಲ ಎನ್ನುವರು. ಎರಡನೆಯ ಪ್ರಮಾಣವೇ ಬಲವತ್ತರ.

ನಿಷ್ಕಾಮಕರ್ಮದ ಪ್ರಕರಣ ಇನ್ನೂ ಜಟಿಲ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ದರ ಕಟ್ಟಿತು. ತುಪ್ಪಕ್ಕೆ ಒಂದಿಷ್ಟು ಕೈ ಬಿಗಿ ಹಿಡಿದಿದ್ದರೆ ಲೆಕ್ಕ ಕೂಡಿಬರುತ್ತಿತ್ತು. ಮಯ್ಯರು ಹಿಡಿಯಲಿಲ್ಲ. ಆಯಾ ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹೊರಗಿಟ್ಟರಂತೆ. ಕಡೆಗೆ ಬಾಗಿಲನ್ನೇ ಹಾಕಿದರು. ಗೀತೆಗೆ ಭಾಷ್ಯ ಬರೆದವರು ಅನೇಕರಿದ್ದಾರೆ, ನಷ್ಟಕ್ಕೆ ಬೋರ್ಡು ಬರೆದವರನ್ನು ನಾವು ಬೇರೆ ಕಂಡಿಲ್ಲ. ಆಗ ಪೊಟ್ಟಣದ ಹಿಟ್ಟು, ಪುಡಿಗಳು ಕೈಹಿಡಿದವು. ಹೋಟೆಲು ಮತ್ತೆ ತೆರೆದು ಮನೆತನದಲ್ಲೇ ಉಳಿಯಿತು; ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿಗೆ ಹೋಯಿತು. ಇದು ಪುನರ್ಜನ್ಮವೋ ಪರಕಾಯಪ್ರವೇಶವೋ ಎಂಬ ಚರ್ಚೆಯನ್ನು ದ್ವಿತೀಯಾಧ್ಯಾಯಕ್ಕೆ ಮೀಸಲಿಡಲಾಗಿದೆ.

ಕ್ಷೇತ್ರಕಾರ್ಯದ ಅಂಗವಾಗಿ ಕೋಟೇಶ್ವರದ ಯಜಮಾನರೊಬ್ಬರನ್ನು, “ವ್ಯವಹಾರ ತಮಗೆ ಸಾಧನೆಯೋ, ಸಾಧ್ಯವೋ?” ಎಂದು ಕೇಳಲಾಯಿತು. ಅವರು ಗಲ್ಲಾದಿಂದ ತಲೆಯೆತ್ತಲಿಲ್ಲ.

“ಹ್ವಾಯ್, ಅದೆಲ್ಲ ಇರ್ಲಿ. ನೀವ್ ತಿಂದದ್ ಎಂತ?”