ಅಂಬಾಸಿಡರ್ ತೈಲಸ್ರಾವ ಮೀಮಾಂಸೆ

ಪೀಠಿಕೆ

ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ ನೊಳಂಬರು ಕಲ್ಲಿನ ಮೇಲೆ ಬರೆಸಿದರು. ಅಂಬಾಸಿಡರ್ ಕಾರು ನಿಂತ ನೆಲದ ಮೇಲೆಲ್ಲ ತಾನೇ ಬರೆಯುತ್ತದೆ. ಮೊದಲಿನದನ್ನು ಓದಲು ಲಿಪಿತಜ್ಞರಿದ್ದಾರೆ. ಎರಡನೆಯದನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಾಕುವ ಅನಾಗರಿಕ ಪದ್ಧತಿ ಮಾತ್ರ ಉಳಿದಿದೆ. ಆ ಕೊರತೆಯನ್ನು ನೀಗಲೆಂದೇ ಈ ಗ್ರಂಥ.

ಕ್ಷೇತ್ರ ನಿರ್ಣಯ

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಈ ಎರಡೂ ಗಡಿ ಬದಲಾವಣೆಗಳು ಆಯಿಲಿಗೆ ಅನ್ವಯಿಸವು. ಅದು ಬಲ್ಲ ಕಾನೂನು ಒಂದೇ: ಮೇಲಿನಿಂದ ಕೆಳಕ್ಕೆ, ಗಾಡಿ ಓಡುವಾಗ ಮುಂದಿನಿಂದ ಹಿಂದಕ್ಕೆ. ಆದ್ದರಿಂದ ತೊಟ್ಟಿಕ್ಕಿದ ಜಾಗವನ್ನೇ ಸೋರಿದ ಜಾಗವೆಂದು ಬಗೆಯುವುದು ಅಪಸಿದ್ಧಾಂತ.

ಪೂರ್ವಪಕ್ಷ

ಗ್ಯಾರೇಜ್ ಪಂಥದವರು ಬಗ್ಗಿ ನೋಡುವ ಮೊದಲೇ ಹೇಳುತ್ತಾರೆ: “ಚೇಂಬರ್ ಪ್ಯಾಕಿಂಗ್ ಹೋಗಿದೆ ಸಾರ್, ಬಿಚ್ಚಿಬಿಡೋಣ.” ಮಾಲೀಕ ಪಂಥದವರದು ವೇದಾಂತ: “ಸೋರ್ತಾ ಇದೆ ಅಂದ್ರೆ ಒಳಗೆ ಆಯಿಲ್ ಇದೆ ಅಂತ ಅರ್ಥ.” ಎರಡನೆಯ ವಾದಕ್ಕೆ ಕೊಂಚ ಆಧಾರವಿದೆ. ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುವ ತಿರುಪಿನ ಗೆರೆಗಳಷ್ಟೇ ಇವೆ. ಒಂದೆರಡು ಹನಿ ಅದರ ಆಜನ್ಮಸಿದ್ಧ ಹಕ್ಕು. ಆದರೆ ವಾರಕ್ಕೊಂದು ಲೀಟರ್ ಕೇಳುವುದು ಹಕ್ಕಲ್ಲ, ದಬ್ಬಾಳಿಕೆ.

ಪರೀಕ್ಷಾವಿಧಿ

ಇಂಜಿನ್ನನ್ನು ತೊಳೆದು ಒಣಗಿಸಿ, ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಕು. ರಾಯದುರ್ಗದವರು ಮೊಳಕಾಲ್ಮುರಿಗೂ ಮಡಕಶಿರಾದವರು ಪಾವಗಡಕ್ಕೂ ಗಾಡಿ ಓಡಿಸಿಕೊಂಡು ಹೋಗಿಬರಬೇಕು. ಬಾನೆಟ್ ಎತ್ತಿದಾಗ ಬಿಳಿ ಪೌಡರಿನ ಮೇಲೆ ಒಂದು ಕಪ್ಪು ಗೆರೆ ಇಳಿದಿರುತ್ತದೆ. ಅದರ ತುದಿಯನ್ನು ಬಿಟ್ಟು ಮೂಲವನ್ನು ಓದಿ: ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್, ಪಕ್ಕದ ಕವರ್‌ಗಳು, ಟೈಮಿಂಗ್ ಕವರಿನ ಸೀಲ್, ಚೇಂಬರ್ ಸರದಿ ಕೊನೆಗೆ. ಎಲ್ಲ ಕಡೆಯೂ ಗೆರೆ ಕಂಡರೆ ಬ್ರೀದರ್ ಕಟ್ಟಿದೆಯೇ ನೋಡಿ. ಒಳಗಿನ ಹೊಗೆಗೆ ದಾರಿ ಸಿಗದೆ ಅದು ಆಯಿಲನ್ನು ಸಂದುಸಂದಿನಿಂದ ಹೊರಗೆ ನೂಕುತ್ತಿರುತ್ತದೆ. ಆಗ ಹೊಸ ಪ್ಯಾಕಿಂಗ್ ಹಾಕಿದರೆ ಲಾಭ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಮಾತ್ರ.

ಒತ್ತಡ ಪ್ರಕರಣ

ಬೆಳಗ್ಗೆ ಮೇಲೇರಿ ನಿಂತ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮಧ್ಯಾಹ್ನ ರೈಲ್ವೆ ಗೇಟಿನಲ್ಲಿ ಗಾಡಿ ನಿಂತಾಗ ಕೆಳಗಿಳಿದರೆ ಅಷ್ಟಕ್ಕೇ ಗಾಬರಿ ಬೇಡ. ಕಾದ ಆಯಿಲ್ ತೆಳುವಾಗುತ್ತದೆ, ನಿಧಾನಕ್ಕೆ ತಿರುಗುವ ಪಂಪೂ ಕಡಿಮೆ ತಳ್ಳುತ್ತದೆ. ತಿರುವಿನಲ್ಲಿ ಮುಳ್ಳು ಬಿದ್ದು ಎದ್ದರೆ ಚೇಂಬರಿನಲ್ಲಿ ಆಯಿಲ್ ಕಮ್ಮಿ, ಪಂಪ್ ಗಾಳಿ ಎಳೆಯುತ್ತಿದೆ. ಎಕ್ಸಲೇಟರ್ ತುಳಿದರೂ ಏಳದಿದ್ದರೆ ಮೀಟರ್ ಕೆಟ್ಟಿರಬೇಕು, ಇಲ್ಲವೇ ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರಬೇಕು, ಪಂಪಿನ ಜಾಲರಿ ಕಟ್ಟಿರಬೇಕು, ಅದೂ ಅಲ್ಲದಿದ್ದರೆ ಬೇರಿಂಗ್ ಸವೆದಿರಬೇಕು. ಇನ್ನೊಂದು ಮೀಟರ್ ಹಾಕಿ ನೋಡುವುದು ಅಗ್ಗ, ಬೇರಿಂಗ್ ಬಿಚ್ಚುವುದು ದುಬಾರಿ. ಲೋಕರೂಢಿಯಲ್ಲಿ ಚಿಕಿತ್ಸೆ ದುಬಾರಿಯಿಂದಲೇ ಶುರುವಾಗುತ್ತದೆ. ಮೀಟರನ್ನೇ ಕಿತ್ತುಹಾಕಿ ನೆಮ್ಮದಿ ಪಡೆಯುವ ಮೂರನೆಯ ಪಂಥವೂ ಉಂಟು. ಅವರ ಇಂಜಿನ್‌ಗಳಿಗೆ ಸದ್ಗತಿ ಸಿಗಲಿ.

ಸಿದ್ಧಾಂತ

ಸೋರುವ ಗಾಡಿಗೆ ಡಿಪ್‌ಸ್ಟಿಕ್ ನೋಡಿ ಆಯಿಲ್ ಸುರಿದು ಊರು ಸೇರಬಹುದು. ಒತ್ತಡ ಕುಸಿದ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು. ಮುಳ್ಳು ಸೊನ್ನೆಗೆ ಬಿದ್ದರೆ ಇಂಜಿನ್ ಆಫ್ ಮಾಡಿ. ನಿಂತ ಜಾಗ ಯಾವ ರಾಜ್ಯದ್ದೆಂದು ಆಮೇಲೆ ವಿಚಾರಿಸಿಕೊಳ್ಳಿ.