ಸಮೀಪರಾಯರು

ಪ್ರತಿ ಕಚೇರಿಯಲ್ಲೂ ಒಬ್ಬ ಸಮೀಪರಾಯರು ಇದ್ದೇ ಇರುತ್ತಾರೆ. ತಂದೆತಾಯಿ ಇಟ್ಟ ಹೆಸರು ಬೇರೆ, ಇದು ಗುಮಾಸ್ತರು ಇಟ್ಟದ್ದು. ನಮ್ಮ ರಾಯರು ಸಜ್ಜನರು. ಸಾಲ ಕೇಳುವವರಲ್ಲ, ಚಾಡಿ ಹೇಳುವವರಲ್ಲ. ಆದರೆ ಒಂದು ಗೇಣಿಗಿಂತ ದೂರ ನಿಂತು ಮಾತಾಡಲು ಮಾತ್ರ ಅವರಿಂದ ಆಗದು. ಟೊಮೆಟೊ ಬೆಲೆ ಏರಿದ ಸುದ್ದಿಯನ್ನೂ ಹೆಗಲ ಮೇಲೆ ಕೈ ಹಾಕಿ, ಮುಖಕ್ಕೆ ಮುಖ ತಂದು, ಒಂದೂ ಮಹಾಪ್ರಾಣ ಬಿಡದೆ ಸ್ಪಷ್ಟವಾಗಿ ಉಚ್ಚರಿಸಿ ಹೇಳುವವರು. ಕನ್ನಡಕ್ಕೆ ಮಹಾಪ್ರಾಣ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನಮ್ಮ ಕಚೇರಿಯಷ್ಟೂ ಬೇಡದವರ ಪಕ್ಷ ಸೇರಿದ್ದು ರಾಯರ ಉಸಿರಿನ ದೆಸೆಯಿಂದಲೇ. ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆ ಕಟ್ಟಿದವನಿಗೆ ಕಣ್ಣಿತ್ತು, ಮೂಗಿರಲಿಲ್ಲ.

ಇದನ್ನು ರಾಯರಿಗೆ ಯಾರೂ ಹೇಳಲಿಲ್ಲ. ಸೂಪರಿಂಟೆಂಡೆಂಟರಿಗೆ ಹೇಳುವವರು ಯಾರು? ರಜೆ ಕೇಳಲು ಹೋದವರು ಉಸಿರು ಕಟ್ಟಿಕೊಂಡು ಒಂದೇ ವಾಕ್ಯದಲ್ಲಿ ವಿಷಯ ಮುಗಿಸುತ್ತಿದ್ದರು. ಅದನ್ನು ರಾಯರು ಶಿಸ್ತು ಎಂದು ಮೆಚ್ಚಿಕೊಂಡಿದ್ದರು. ಮನೆಯಾಕೆ “ಸ್ವಲ್ಪ ಬಾಯಿ ಮುಕ್ಕಳಿಸಿಕೊಂಡು ಬರಬಾರದೇ?” ಎಂದರೆ, ಊಟಕ್ಕೆ ಕರೆಯುತ್ತಿದ್ದಾಳೆಂದು ತಿಳಿದು ತಟ್ಟೆ ಹಾಕಿಕೊಂಡು ಕೂರುತ್ತಿದ್ದರು.

ಹಾಗೆಂದು ಅವರಿಗೆ ಅನುಮಾನವೇ ಇರಲಿಲ್ಲ ಎನ್ನುವಂತಿಲ್ಲ. ಜೇಬಿನಲ್ಲಿ ಏಲಕ್ಕಿ, ಲವಂಗ, ಸೋಂಪು ಸದಾ ಇರುತ್ತಿದ್ದವು. ಏಲಕ್ಕಿ ಅಗಿದ ಹತ್ತು ನಿಮಿಷ ಮಾತ್ರ ಎದುರಿನವರಿಗೆ ಹಳಸಿದ ಪಾಯಸದ ಬಟ್ಟಲಿಗೆ ಮೂಗಿಟ್ಟ ಅನುಭವ. ಪೆಪ್ಪರ್‌ಮಿಂಟ್ ಚೀಪಿದರೆ ಅದರ ಸಕ್ಕರೆ ಬಾಯಿಯ ಬ್ಯಾಕ್ಟೀರಿಯಾಗಳಿಗೆ ಫಲಾಹಾರ. ಮಗ ಸೂಚ್ಯವಾಗಿ ಒಂದು ಲಿಸ್ಟರಿನ್ ಬಾಟಲಿ ತಂದಿಟ್ಟ. 1879ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವೆಂದು ಹುಟ್ಟಿದ ದ್ರವ ಅದು. 1920ರ ದಶಕದಲ್ಲಿ ಅದರ ಜಾಹೀರಾತುಗಳು ಬಾಯಿವಾಸನೆಯಿದ್ದರೆ ಮದುವೆಯೇ ಆಗದು ಎಂದು ಊರನ್ನೆಲ್ಲ ಹೆದರಿಸಿ ವ್ಯಾಪಾರ ಕುದುರಿಸಿಕೊಂಡವು. ಆ ಕಥೆ ಕೇಳಿದ ರಾಯರು, “ನನಗೆ ಮದುವೆಯಾಗಿ ಮೂವತ್ತು ವರ್ಷವಾಯಿತಲ್ಲ” ಎಂದು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಎಲ್ಲಕ್ಕೂ ಗ್ಯಾಸ್ಟ್ರಿಕ್ ಕಾರಣ ಎಂಬುದು ಅವರ ಸಿದ್ಧಾಂತ. ಅದಕ್ಕೆ ಜೀರಿಗೆ ಕಷಾಯ. ಪಾಪ, ಹೊಟ್ಟೆಯ ಮೇಲೆ ಸುಳ್ಳು ಆಪಾದನೆ! ಬಾಯಿವಾಸನೆಯ ಬಹುಪಾಲು ಹುಟ್ಟುವುದು ಬಾಯಲ್ಲೇ.

ಬೆಳಗಿನ ಶಾಸ್ತ್ರದಲ್ಲಿ ಕೊರತೆಯಿತ್ತೇ ಎಂದರೆ, ಸದ್ದಿನಲ್ಲಂತೂ ಇರಲಿಲ್ಲ. ಆರು ಗಂಟೆಗೆ ರಾಯರು ಬಚ್ಚಲಲ್ಲಿ ಕ್ಯಾಕರಿಸಿದರೆ ಬೀದಿಯ ನಾಯಿ ಎದ್ದು ಜಾಗ ಬದಲಿಸುತ್ತಿತ್ತು. ಆದರೆ ಆ ಪರಾಕ್ರಮವೆಲ್ಲ ಗಂಟಲಿನದು. ಬೆರಳು ನಾಲಗೆಯ ತುದಿ ಮುಟ್ಟಿ ವಾಪಸಾಗುತ್ತಿತ್ತು. ವಾಸನೆಯ ಕಾರ್ಖಾನೆ ಇರುವುದು ನಾಲಗೆಯ ಹಿಂಭಾಗದಲ್ಲಿ. ಅಲ್ಲಿ ಗಾಳಿ ತಾಗದ ಸಂದಿಗಳಲ್ಲಿ ಬ್ಯಾಕ್ಟೀರಿಯಾಗಳು ಅನ್ನದ ಅಗುಳು, ಸತ್ತ ಜೀವಕೋಶಗಳನ್ನೆಲ್ಲ ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯಲ್ಲಿರುವ ಹೈಡ್ರೋಜನ್ ಸಲ್ಫೈಡೇ ಇಲ್ಲಿಯೂ ಇರುವುದು. ಈರುಳ್ಳಿಯನ್ನೂ ಮುಟ್ಟದ ರಾಯರ ಬಾಯಲ್ಲಿ ಮೊಟ್ಟೆಯ ಅನಿಲ! ಏಕಾದಶಿಯಂದು ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತಿತ್ತು. ಉಪವಾಸದಿಂದ ಜೊಲ್ಲು ಕಡಿಮೆಯಾಗಿ ಬಾಯಿ ಒಣಗಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆ ದಿನ ಕಚೇರಿಯಲ್ಲಿ ಹಾಜರಾತಿಯೇ ಕಡಿಮೆ.

“ನಮ್ಮ ಅಜ್ಜ ತೊಂಬತ್ತಕ್ಕೂ ಬೇವಿನ ಕಡ್ಡಿಯಲ್ಲೇ ಉಜ್ಜಿದರು ಕಣ್ರೀ” ಎಂದು ಆಗಾಗ ಹೆಮ್ಮೆಪಡುತ್ತಿದ್ದರು. ನಿಜವೇ. ಆದರೆ ಅಜ್ಜ ಉಜ್ಜಿದ ಮೇಲೆ ಅದೇ ಕಡ್ಡಿಯನ್ನು ಎರಡಾಗಿ ಸೀಳಿ, ಬಾಗಿಸಿ, ನಾಲಗೆಯನ್ನು ಬುಡದವರೆಗೂ ಹೆರೆಯುತ್ತಿದ್ದರು. ಮೊಮ್ಮಗನಿಗೆ ಹೆಮ್ಮೆ ಉಳಿಯಿತು, ಹೆರೆಯುವುದು ಮರೆಯಿತು.

2020ರಲ್ಲಿ ಮಾಸ್ಕ್ ಬಂತು. ಕಚೇರಿಗೆಲ್ಲ ಕೊರೊನಾ ಭಯ, ಒಳಗೊಳಗೇ ಸ್ವಲ್ಪ ನೆಮ್ಮದಿ. ರಾಯರಿಗೆ ಮಾತ್ರ ಮೊದಲ ಬಾರಿಗೆ ತಮ್ಮ ಉಸಿರು ತಮಗೇ ಮರಳಿ ಸಿಕ್ಕಿತು. ಮೆಡಿಕಲ್ ಸ್ಟೋರಿಗೆ ಹೋಗಿ, “ಏನಪ್ಪಾ, ಈ ಬಟ್ಟೆ ಎಲ್ಲೋ ಮುಗ್ಗಿದೆ, ಬೇರೆ ಕೊಡು” ಎಂದರು. ಬೇರೆ ಕೊಟ್ಟ. ಅದೂ ಮುಗ್ಗಿತ್ತು. ದುಬಾರಿ ಎನ್-95 ಕೂಡ ಅರ್ಧ ಗಂಟೆಯಲ್ಲಿ ಮುಗ್ಗಿತು. ದೇಶದಲ್ಲಿ ಒಂದು ಒಳ್ಳೆಯ ಮಾಸ್ಕ್ ತಯಾರಿಸುವ ಯೋಗ್ಯತೆ ಯಾರಿಗೂ ಇಲ್ಲ ಎಂದು ತೀರ್ಮಾನಿಸಿದರು.

ಕೊನೆಗೆ ಸತ್ಯ ಹೊರಬಿದ್ದದ್ದು ನಿವೃತ್ತಿಯ ನಂತರ, ದವಡೆ ಹಲ್ಲಿನ ನೋವಿನ ನೆಪದಲ್ಲಿ. ದಂತವೈದ್ಯೆ ಇನ್ನೂ ಎಳೆ ವಯಸ್ಸಿನವರು. ರಾಯರಿಂದ ರಜೆ ಬೇಕಿಲ್ಲದವರು, ಮೇಲಾಗಿ ಮಾಸ್ಕ್ ಹಾಕಿದವರು. “ಸರ್, ಒಸಡಿನ ಕೆಳಗೆಲ್ಲ ಪಾಚಿ ಕಲ್ಲುಗಟ್ಟಿದೆ. ವಾಸನೆ ಅದರಿಂದಲೂ ಬರುತ್ತೆ. ಕ್ಲೀನ್ ಮಾಡಿಸಬೇಕು” ಎಂದುಬಿಟ್ಟರು.

“ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತಂತಲ್ಲಮ್ಮಾ?”

“ಮಾಡಿಸದಿದ್ದರೆ ಆಗುತ್ತೆ ಸರ್. ಉಜ್ಜುವಾಗ ರಕ್ತ ಬರುತ್ತಾ?”

“ಬರ್ತಿತ್ತು. ಅದಕ್ಕೇ ಆ ಕಡೆ ಉಜ್ಜೋದು ಬಿಟ್ಟಿದ್ದೀನಿ.”

ಬಿಟ್ಟದ್ದರಿಂದಲೇ ಒಸಡು ಹಾಳಾದದ್ದು ಎಂದು ಅವರು ತಿಳಿಹೇಳಿದರು. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಿ, ರಾತ್ರಿಯದನ್ನು ತಪ್ಪಿಸಲೇಬೇಡಿ, ಹಲ್ಲಿನ ಸಂದಿಗೆ ಫ್ಲಾಸ್, ನಾಲಗೆಗೆ ಟಂಗ್ ಕ್ಲೀನರ್, ಮೂರು ನಾಲ್ಕು ತಿಂಗಳಿಗೊಂದು ಹೊಸ ಬ್ರಶ್. ರಾಯರ ಬ್ರಶ್ಶಿನ ಎಳೆಗಳು ಆಗಲೇ ನಾಲ್ಕು ದಿಕ್ಕಿಗೆ ಮಲಗಿದ್ದವು. ಅದು ಈಗ ಸ್ಕೂಟರಿನ ಚೈನು ಉಜ್ಜುವ ಕೆಲಸಕ್ಕೆ ವರ್ಗವಾಗಿದೆ.

ರಾಯರ ಬಾಯಿ ಈಗ ಶುದ್ಧ. ಆದರೆ ಹೊಸದಾಗಿ ದೀಕ್ಷೆ ಪಡೆದವರ ಉತ್ಸಾಹ ಗೊತ್ತಲ್ಲ. ಪಾರ್ಕಿನಲ್ಲಿ ಸಿಕ್ಕವರ ಹೆಗಲ ಮೇಲೆ ಕೈ ಹಾಕಿ, ಅದೇ ಒಂದು ಗೇಣಿನ ಅಂತರದಲ್ಲಿ ನಿಂತು, “ತಪ್ಪು ತಿಳೀಬೇಡಿ, ನಿಮ್ಮ ಬಾಯಿ...” ಎಂದು ಶುರುಮಾಡುತ್ತಾರೆ. ಮೊದಲು ಅವರ ಉಸಿರಿಗೆ ಹೆದರಿ ಓಡುತ್ತಿದ್ದವರು ಈಗ ಅವರ ಮೂಗಿಗೆ ಹೆದರಿ ಓಡುತ್ತಿದ್ದಾರೆ. ನನ್ನ ಕೇಳಿದರೆ ಮೊದಲಿನ ರಾಯರೇ ಸಹನೀಯ.

ಈ ಬರಹವನ್ನು ಕತ್ತರಿಸಿ ನಿಮ್ಮ ಕಚೇರಿಯ ಸಮೀಪರಾಯರ ಮೇಜಿನ ಮೇಲಿಡುವ ಆಸೆ ನಿಮಗೆ ಹುಟ್ಟಿರಬಹುದು. ಇಡಿ. ಅದಕ್ಕೂ ಮೊದಲು ನಿಮ್ಮ ಮುಂಗೈಯನ್ನು ಒಮ್ಮೆ ನೆಕ್ಕಿ, ಹತ್ತು ಸೆಕೆಂಡು ಒಣಗಲು ಬಿಟ್ಟು, ಮೂಸಿ ನೋಡಿಕೊಳ್ಳಿ.