ತೊಟ್ಟಿಲೊಳಗೆ ಮಂಚವುಂಟೇ? – ಒಂದು ಜಿಜ್ಞಾಸೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನಕ್ಕ ನಾಡು ನಮ್ಮದು. ಆ ಕೂಸು ಕಾಲೇಜಿಗೆ ಹೋಗುವಾಗ ಮಲಗಬೇಕಾದ ಮಂಚವನ್ನೂ ಮುಂಚೆಯೇ ಕೊಂಡವರ ಮೇಲೆ ಮಾತ್ರ ಗಾದೆ ಇನ್ನೂ ಹುಟ್ಟಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ವಿಷಯ: ಬೆಂಗಳೂರಿನ ಅಂಗಡಿಯೊಂದರ 'ಫೋರ್ ಇನ್ ವನ್' ತೊಟ್ಟಿಲು. ಮೊದಲು ತೊಟ್ಟಿಲು, ಆಮೇಲೆ ಪುಟ್ಟ ಮಂಚ, ಮುಂದೆ ದಿವಾನ, ಕೊನೆಗೆ ಆಳುದ್ದದ ಮಂಚ. ವಿಷ್ಣುವಿನ ಅವತಾರಗಳಿಗೆ ಯುಗಗಳೇ ಬೇಕಾದವು. ಇದಕ್ಕೆ ಒಂದು ಅಲೆನ್ ಕೀ ಸಾಕು.

ಸಂಶಯ: ಮುಂದೆ ಬರಲಿರುವ ಆ ಮಂಚ ಈ ತೊಟ್ಟಿಲೊಳಗೆ ಈಗಲೇ ಇದೆಯೋ, ಇಲ್ಲವೋ?

ಇದೆ ಎನ್ನುತ್ತಾರೆ ಸಾಂಖ್ಯರು. ಎಳ್ಳಿನಲ್ಲಿ ಎಣ್ಣೆ ಇರುವಂತೆ ಕಾರಣದಲ್ಲೇ ಕಾರ್ಯ ಅಡಗಿರುತ್ತದೆಂಬ ಸತ್ಕಾರ್ಯವಾದ ಅವರದು. ಇದಕ್ಕೆ ಸಾಂಖ್ಯಕಾರಿಕೆ ಐದು ಹೇತುಗಳನ್ನು ಕೊಡುತ್ತದೆ, ಅಂಗಡಿಯ ಹುಡುಗ ಆರನೆಯದನ್ನು ಕೊಟ್ಟ: "ಸರ್, ಆಫರ್ ಭಾನುವಾರಕ್ಕೆ ಮುಗಿಯುತ್ತೆ." ಈ ಹೇತುವಿನ ಮುಂದೆ ಪ್ರಬಂಧಕಾರ ನಿರುತ್ತರನಾಗಿ ಕಾರ್ಡ್ ಉಜ್ಜಿದ.

ಹೆಂಡತಿ ಬಾಣಂತನಕ್ಕೆ ಧಾರವಾಡದಲ್ಲಿದ್ದಳು. ರಾತ್ರಿ ಹನ್ನೊಂದರ ಮೇಲೆ ಒಬ್ಬನೇ ನೆಲದ ಮೇಲೆ ಕೂತು, ಅಕ್ಷರವೇ ಇಲ್ಲದ, ಬರೀ ಬಾಣದ ಗುರುತುಗಳ ಕೈಪಿಡಿಗೆ ಭಾಷ್ಯ ಹಚ್ಚುತ್ತ ಜೋಡಿಸಿದೆ. ಎಡಗಟ್ಟು ಬಲಕ್ಕೆ ಹೋಗಿ, ಬಿಚ್ಚಿ, ಮತ್ತೆ ಕಟ್ಟಿ, ಎರಡೂವರೆಗೆ ತೊಟ್ಟಿಲು ಎದ್ದು ನಿಂತಿತು. ಅಂಗೈಯಲ್ಲಿ ಒಂದು ಬೋಲ್ಟ್ ಉಳಿದಿತ್ತು. ಎಲ್ಲ ಕಡೆ ಅಲ್ಲಾಡಿಸಿ ನೋಡಿದೆ. ಅದಿಲ್ಲದ ಜಾಗ ಎಲ್ಲೂ ಕಾಣಲಿಲ್ಲ. ಪೆಟ್ಟಿಗೆಯನ್ನು ಮಡಚುವಾಗ ಕೆಳಮೂಲೆಯಲ್ಲಿ ಇರುವೆಸಾಲಿನಂಥ ಒಂದು ಸಾಲು ಕಣ್ಣಿಗೆ ಬಿತ್ತು: ದೊಡ್ಡ ಮಂಚದ ಕಂಬಿಗಳನ್ನು ಬೇರೆಯಾಗಿ ಕೊಳ್ಳತಕ್ಕದ್ದು.

ಇಲ್ಲಿ ಅದ್ವೈತಿಗಳು ಕೆಮ್ಮುತ್ತಾರೆ. ಹಗ್ಗದಲ್ಲಿ ಹಾವು ತೋರಿದಂತೆ ತೊಟ್ಟಿಲಲ್ಲಿ ಮಂಚ ತೋರಿತು. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರವೇ ಮಾಯೆ. ಹಾಸಿಗೆಯನ್ನೇ ನೋಡಿ: ತೊಟ್ಟಿಲಿನದು 52×28 ಇಂಚು, ಸಾಮಾನ್ಯ ಸಿಂಗಲ್ ಮಂಚದ್ದು 72×36. ಯಾವ ದರ್ಶನವೂ ಈ ಇಪ್ಪತ್ತು ಇಂಚನ್ನು ಎಳೆದು ಹಿಗ್ಗಿಸಲಾರದು.

ಐದನೆಯ ತಿಂಗಳಲ್ಲಿ ಮಗುವಿನೊಡನೆ ಅತ್ತೆ ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿಂದ ನೂಕಿ ನೋಡಿ, "ಅಲ್ರೀ, ಇದನ್ನ ತೂಗೂದು ಹೆಂಗ?" ಎಂದರು. ತೂಗುವುದೇ ತೊಟ್ಟಿಲ ಲಕ್ಷಣವೆಂದರೆ ಕಿರಾಣಿ ಅಂಗಡಿಯ ತಕ್ಕಡಿಗೂ ಅತಿವ್ಯಾಪ್ತಿಯಾಗುತ್ತದೆ ಎಂದು ವಾದಿಸಿದೆ. ಅವರು ಸೋಲಲಿಲ್ಲ, ಸುಮ್ಮನಾದರು; ಇವೆರಡಕ್ಕೂ ಬಹಳ ಅಂತರವಿದೆ. ಅವರ ಮನೆಯದು ಕಲಘಟಗಿಯ ತೊಟ್ಟಿಲು: ಸಾಗವಾನಿ ಮರ, ಅರಗಿನ ಬಣ್ಣ, ಬದಿಗಳಲ್ಲಿ ಕೃಷ್ಣಲೀಲೆ. ನಾಮಕರಣಕ್ಕೆ ಅದರಲ್ಲಿ ಮೊದಲು ಗುಂಡುಕಲ್ಲನ್ನು, ಆಮೇಲೆ ಮಗುವನ್ನು ಮಲಗಿಸಿದ್ದರು. ಅತ್ತೆಯೂ ಅದರಲ್ಲೇ ಮಲಗಿದವರು, ನನ್ನ ಹೆಂಡತಿಯೂ. ಅದು ಮಂಚವಾಗುವ ಗೋಜಿಗೇ ಹೋಗದೆ, ತಾನು ತೊಟ್ಟಿಲಾಗಿಯೇ ಇದ್ದು ಮಕ್ಕಳನ್ನು ಬದಲಾಯಿಸಿಕೊಂಡಿತ್ತು.

ಇನ್ನು ಕೊಳ್ಳುವವರಿಗೆ ಸಿದ್ಧಾಂತ. ಸರಳುಗಳ ನಡುವಿನ ಸಂದು ಆರು ಸೆಂಟಿಮೀಟರ್ ಮೀರಬಾರದು. ಹಾಸಿಗೆ ಗಟ್ಟಿಯಿರಬೇಕು, ಅದರ ಅಂಚಿಗೂ ಕಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಆ ಹಾಸಿಗೆ ಬೇಡ. ಮಗು ಎದ್ದು ಕೂರಲು ಕಲಿತೊಡನೆ ತಳವನ್ನು ಇಳಿಸಬೇಕು. ಬದಿ ಜಾರಿ ಕೆಳಗಿಳಿಯುವ ತೊಟ್ಟಿಲನ್ನು ಮುಟ್ಟಲೇಬೇಡಿ. ಮಕ್ಕಳು ಸಂದಿಗೆ ಸಿಕ್ಕಿ ಸತ್ತ ಮೇಲೆ ಅಮೆರಿಕದಲ್ಲಿ 2011ರ ಜೂನ್‌ನಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. (ಇದು ಅಣಕವಲ್ಲ.) ಒಳಗೆ ದಿಂಬೂ ಕೂಡದು. ಹೀಗೆಂದು ಸಾಸಿವೆ ದಿಂಬನ್ನು ತೆಗೆದದ್ದಕ್ಕೆ ಅತ್ತೆ ನನ್ನನ್ನು ಚಾರ್ವಾಕರ ಪಂಕ್ತಿಗೆ ದಬ್ಬಿದರು. ಮಂಚದ ಆಸೆಯಿದ್ದರೆ ಕಂಬಿಗಳನ್ನು ಅದೇ ದಿನ, ಅದೇ ಬಿಲ್ಲಿನಲ್ಲಿ ಕೊಳ್ಳಿ.

ನಾನು ಕೊಂಡಿರಲಿಲ್ಲ. ಎರಡು ವರ್ಷಕ್ಕೆ ಮಗ ಕಟ್ಟಿನ ಮೇಲೆ ಕಾಲು ಹಾಕಿದ ದಿನ ಅಂಗಡಿಗೆ ಓಡಿದೆ. ಆ ಮಾಡೆಲ್ ನಿಂತುಹೋಗಿದೆ ಎಂದರು. ಹುಟ್ಟುವ ಮುನ್ನ ಕಾರ್ಯವಿರುವುದಿಲ್ಲ, ಅದು ಪ್ರಾಗಭಾವವೆಂದು ಹೇಳುತ್ತ ಬಂದ ನೈಯಾಯಿಕರು ಗೆದ್ದರು. ನನ್ನ ಪಾಲಿಗೆ ಅದು ಅತ್ಯಂತಾಭಾವವೇ ಆಯಿತು. ಹೋದದ್ದಕ್ಕೆ ಇದಾದರೂ ಬಗೆಹರಿಯಲೆಂದು, ಎರಡು ವರ್ಷ ಕಾಪಾಡಿದ್ದ ಬೋಲ್ಟನ್ನು ಕೌಂಟರಿನ ಮೇಲಿಟ್ಟೆ. ಹುಡುಗ ಬೆಳಕಿಗೆ ಹಿಡಿದು, ತಿರುಗಿಸಿ, ಮರೆ ಎಣಿಸಿ ವಾಪಸು ಕೊಟ್ಟ.

"ಸರ್, ಇದು ನಮ್ದಲ್ಲ."